ಮಂಜುಗಡ್ಡೆಯ ಕೆಳಗಿಂದ

ಒಮ್ಮೆ ತೊಳೆದದ್ದಾಗಿತ್ತು. ಆದರೂ ಹಾರ್ಕೊ ಬಲಗೈಯನ್ನು ಮತ್ತೆ ನಲ್ಲಿಯ ಕೆಳಗೆ ಹಿಡಿದ. ಸೇತುವೆ ತಿರುಗಿಸುವ ಚಕ್ರಕ್ಕೆ ಹಚ್ಚುವ ಗ್ರೀಸಿನ ಕಪ್ಪು ಉಗುರಿನ ಸಂದಿಯಲ್ಲಿ ಉಳಿದುಬಿಟ್ಟಿತ್ತು. ಶನಿವಾರ ಸಂಜೆ ಎಷ್ಟು ಉಜ್ಜಿದರೂ ಭಾನುವಾರ ಬೆಳಿಗ್ಗೆ ಅದು ಅಲ್ಲೇ ಇರುತ್ತಿತ್ತು, ಬೇರೆ ಭಾನುವಾರಗಳಲ್ಲಿ ಅವನಿಗೆ ಅದರ ಚಿಂತೆ ಇರಲಿಲ್ಲ. ಇವತ್ತು ಚರ್ಚಿನಲ್ಲಿ ಅವನ ಸರದಿ. ಹೆಂಡತಿ ಫ್ರೌಕೆ ಕಪ್ಪು ಕೋಟಿನ ಗುಂಡಿ ಹಾಕಿಕೊಂಡು, ಕೈಚೀಲದಲ್ಲಿ ಪೆಪ್ಪರ್‌ಮಿಂಟಿನ ಸುರುಳಿ ಇದೆಯೋ ಇಲ್ಲವೋ ನೋಡಿಕೊಂಡು, ಬಾಗಿಲಲ್ಲಿ ನಿಂತಿದ್ದಳು. ‘ಆ ಕೈಯನ್ನ ಇನ್ನು ಕೊಯ್ದು ಸಾರು ಮಾಡೋದೊಂದು ಬಾಕಿ, ಸಾಕು ಬಾ,’ ಎಂದಳು. ಜನವರಿಯಿಂದೀಚೆಗೆ ಅವಳು ತಮಾಷೆಯ ಮಾತು ಆಡಿದ್ದು ಇದೇ ಮೊದಲಿರಬೇಕು. ನಗಬೇಕೆಂದುಕೊಂಡ, ಆದರೆ ಹಾಗೆ ಅಂದುಕೊಳ್ಳುವಷ್ಟರಲ್ಲಿ ನಗುವ ಹೊತ್ತು ಮೀರಿಹೋಗಿತ್ತು. ಟವೆಲಿನಲ್ಲಿ ಒಂದೊಂದೇ ಬೆರಳು ಒರೆಸಿಕೊಂಡ. ಇದೇನು ನನ್ನ ಕೈಯೋ, ಅಥವಾ ಸಭೆಯವರು ಒಂದು ವಾರದ ಮಟ್ಟಿಗೆ ನನ್ನಲ್ಲಿ ಇಡಲು ಕೊಟ್ಟ ಸಾಮಾನೋ ಎಂದು ಅನಿಸಿತು.

ಒಂದು ರೀತಿಯಲ್ಲಿ ಅದು ಸಭೆಯದ್ದೇ ಆಗಿತ್ತು. ದೋಮಿನೆ, ಅಂದರೆ ಸಭೆಯ ಪಾದ್ರಿ, ಪ್ರಸಂಗಪೀಠ ಹತ್ತುವ ಮೊದಲು ಮೆಟ್ಟಿಲ ಬುಡದಲ್ಲಿ ಸಭೆಯ ಹಿರಿಯರಲ್ಲಿ ಆ ವಾರದ ಸರದಿಯವನು ಅವರ ಕೈ ಕುಲುಕುತ್ತಾನೆ, ಇಳಿದು ಬಂದ ಮೇಲೆ ಇನ್ನೊಮ್ಮೆ ಕುಲುಕುತ್ತಾನೆ. ಮೊದಲನೆಯದನ್ನು ಯಾರೂ ನೋಡುವುದಿಲ್ಲ, ಆಗ ಹೆಂಗಸರು ಕೋಟು ಸರಿಮಾಡಿಕೊಳ್ಳುತ್ತಿರುತ್ತಾರೆ. ಎರಡನೆಯದನ್ನು ಎಲ್ಲರೂ ನೋಡುತ್ತಾರೆ. ನೀವು ಹೇಳಿದ್ದು ಶುದ್ಧ ಬೋಧನೆ, ಅದಕ್ಕೆ ನಿಮ್ಮಷ್ಟೇ ನಾವೂ ಹೊಣೆ ಎಂದು ಇಡೀ ಸಭೆಯ ಪರವಾಗಿ ಆ ಒಂದು ಕೈ ಹೇಳಬೇಕು. ಹಾರ್ಕೊನ ಅಪ್ಪನ ಕಾಲದಲ್ಲಿ ಒಮ್ಮೆ ಆ ಕೈ ಮುಂದೆ ಬರಲಿಲ್ಲವಂತೆ. ಆ ದೋಮಿನೆ ಸಾಮಾನನ್ನೆಲ್ಲ ದೋಣಿಗೆ ಹೇರಿಕೊಂಡು ಕಾಲುವೆಯಗುಂಟ ಹೋದದ್ದನ್ನು ಅಪ್ಪ ಹಬ್ಬದ ಕತೆಯ ಹಾಗೆ ಹೇಳುತ್ತಿದ್ದ. ಯಾಕೆ ಎಂದು ಚಿಕ್ಕ ಹಾರ್ಕೊ ಕೇಳಿದರೆ, ‘ತೂಕ ಕಮ್ಮಿ ಇತ್ತು’ ಅನ್ನುತ್ತಿದ್ದ ಅಷ್ಟೆ. ಅಪ್ಪನಿಂದ ಹಾರ್ಕೊಗೆ ಬಂದದ್ದು ಎರಡು, ಸೇತುವೆ ಕಾಯುವ ಕೆಲಸ ಮತ್ತು ಪ್ರಸಂಗ ತೂಗುವ ಕಿವಿ. ಮನುಷ್ಯನ ದುರ್ಗತಿ ಹೇಳಿದರೋ, ಬಿಡುಗಡೆ ಹೇಳಿದರೋ, ಬಿಡುಗಡೆಯಾದವನ ಕೃತಜ್ಞತೆ ಹೇಳಿದರೋ, ಯಾರಿಗೆ ಬಿಡುಗಡೆ ಎನ್ನುವ ದೇವರ ಆಯ್ಕೆಯನ್ನು ಮರೆಮಾಚಿದರೋ ಎಂದು ಅವನ ಕಿವಿ ತಾನಾಗಿ ಲೆಕ್ಕ ಹಾಕುತ್ತಿತ್ತು. ಒಮ್ಮೆ ಬದಲಿಗೆ ಬಂದ ಎಳೆಯ ಪ್ರಸಂಗಿಯೊಬ್ಬನನ್ನು ಹಿರಿಯರ ಕೋಣೆಯಲ್ಲಿ ಹಾರ್ಕೊ ಎಷ್ಟು ಮೆತ್ತಗೆ, ಎಷ್ಟು ನಯವಾಗಿ ಪ್ರಶ್ನಿಸಿದ್ದನೆಂದರೆ ಆ ಹುಡುಗ ಕಾಫಿ ಕಪ್ಪು ಕೆಳಗಿಟ್ಟು ಅತ್ತುಬಿಟ್ಟಿದ್ದ. ಅವತ್ತು ಮನೆಗೆ ಬಂದು ಹಾರ್ಕೊ ಹೊಟ್ಟೆ ತುಂಬ ಉಂಡಿದ್ದ.

ಮನೆಯಿಂದ ಹೊರಬಿದ್ದರೆ ಸೇತುವೆ. ಮಾರ್ಚಿ ತಿಂಗಳು, ಮಂಜುಗಡ್ಡೆ ಕರಗಿ ಕಾಲುವೆಯ ನೀರು ಕಂದು ಬಣ್ಣಕ್ಕೆ ತಿರುಗಿತ್ತು, ಬಾತುಕೋಳಿಗಳು ಬಂದಿದ್ದವು. ಫ್ರೌಕೆ ಪ್ರತಿ ಭಾನುವಾರದಂತೆ ನಡುವಿನಲ್ಲಿ ನಿಂತು ಬಡಗಣ ಬದಿಯ ನೀರನ್ನು ನೋಡಿದಳು. ಅವಳ ತುಟಿ ಅಲುಗಿತು. ಅವಳು ಏನು ಹೇಳಿಕೊಳ್ಳುತ್ತಾಳೆಂದು ಹಾರ್ಕೊಗೆ ಗೊತ್ತು, ಆ ಮಾತನ್ನು ಅವಳಿಗೆ ತಂದುಕೊಟ್ಟವನೇ ಅವನು. ಸೇತುವೆಯ ಕೆಳಗೆ ನೀರು ಯಾವಾಗಲೂ ತಡವಾಗಿ ಹೆಪ್ಪುಗಟ್ಟುತ್ತದೆ, ಬೇಗ ಸಡಿಲವಾಗುತ್ತದೆ. ಗಾಳಿ ಪಡುವಣಕ್ಕೆ ತಿರುಗಿ ಬಿಸುಪು ಬಂದ ಕೂಡಲೇ ಕಂಬಕ್ಕೆ ಹುಲ್ಲಿನ ಕಂತೆ ಕಟ್ಟಿ ಆ ಜಾಗದಲ್ಲಿ ನಿಲ್ಲಿಸುವುದು ಸೇತುವೆ ಕಾಯುವವನ ಕೆಲಸ, ಸ್ಕೇಟು ಕಟ್ಟಿಕೊಂಡು ಜಾರಿ ಬರುವವರು ದೂರದಿಂದಲೇ ಅದನ್ನು ಕಂಡು ದಡಕ್ಕೆ ಹತ್ತಿಕೊಳ್ಳುತ್ತಾರೆ. ಜನವರಿಯ ಆ ಶನಿವಾರ ಗಾಳಿ ತಿರುಗಿದ್ದು ಕತ್ತಲಾದ ಮೇಲೆ. ಭಾನುವಾರ ಬೆಳಿಗ್ಗೆ ಹಾರ್ಕೊ ಕಿಟಕಿಯಿಂದ ನೋಡಿದ್ದ, ಕಂತೆ ಶೆಡ್ಡಿನ ಗೋಡೆಗೆ ಒರಗಿಕೊಂಡಿತ್ತು. ಭಾನುವಾರ ಕರ್ತನ ದಿನ, ಕೆಲಸ ಕೂಡದು, ಕಂಬ ನೆಡುವುದೂ ಕೆಲಸವೇ. ಕರ್ತನ ದಿನ ಈ ಊರಿನಲ್ಲಿ ಯಾರೂ ಸ್ಕೇಟು ಕಟ್ಟುವುದಿಲ್ಲ. ಎರಡನ್ನೂ ಕೂಡಿಸಿ ನೋಡಿದ್ದ, ಲೆಕ್ಕ ಸರಿಯಾಗಿತ್ತು. ಕೋಟು ಹಾಕಿಕೊಂಡು ಚರ್ಚಿಗೆ ಹೋಗಿದ್ದ. ಮೇಲಿನ ಕೋಣೆಯಲ್ಲಿ ವುಬ್ಬೊ ತಲೆನೋವು ಅಂತ ಮಲಗಿದ್ದ. ಹತ್ತೊಂಬತ್ತು ವರ್ಷದ ಮಗನಿಗೆ ಆ ಚಳಿಗಾಲವೆಲ್ಲ ಭಾನುವಾರ ಬಂದರೆ ತಲೆನೋವು.

ಅವತ್ತು ಎರಡನೆಯ ಕೀರ್ತನೆ ಹಾಡುತ್ತಿದ್ದಾಗ ಚರ್ಚಿನ ಕಾವಲುಗಾರ ನಡುವಿನ ಹಾದಿಯಲ್ಲಿ ನಡೆದು ಬಂದ. ಹಾಡುವ ಹೊತ್ತಿನಲ್ಲಿ ಆ ಹಾದಿಯಲ್ಲಿ ಯಾರೂ ನಡೆಯುವುದಿಲ್ಲ. ಅವನ ಬೂಟಿನಿಂದ ನೀರು ಸುರಿಯುತ್ತಿತ್ತು, ಹಾರ್ಕೊ ಆ ನೀರನ್ನೇ ನೋಡುತ್ತ ಆ ಚರಣ ಮುಗಿಯುವವರೆಗೂ ಹಾಡಿದ.

‘ನಡಿ,’ ಎಂದಳು ಫ್ರೌಕೆ, ಸೇತುವೆಯಿಂದ ಇಳಿಯುತ್ತ. ‘ಅವರ ಕಾರು ಆಗ್ಲೇ ಬಂದಿರುತ್ತೆ.’

ಬಂದಿತ್ತು. ಪ್ರಾಂತ್ಯದ ಸಭೆಯಿಂದ ಪರೀಕ್ಷೆಗೆ ಬಂದ ಇಬ್ಬರ ಕರೀ ಕಾರು ಚರ್ಚಿನ ಗೋಡೆಯ ಪಕ್ಕ ನಿಂತಿತ್ತು. ದೋಮಿನೆ ಫೊಕೆಮಾ ಅವರ ಪ್ರಸಂಗ ಹೊಸ ವರ್ಷದಿಂದೀಚೆಗೆ ಮೆದುವಾಗಿದೆ, ನ್ಯಾಯತೀರ್ಪಿನ ಮಾತೇ ಬರುತ್ತಿಲ್ಲ, ಎಲ್ಲರಿಗೂ ಬಾಗಿಲು ತೆರೆದಿಟ್ಟ ಹಾಗೆ ಮಾತಾಡುತ್ತಾರೆ ಎಂದು ದೂರು ಹೋಗಿತ್ತು. ದೂರು ಕೊಟ್ಟವನು ಮೆನ್ನೊ, ಬೀಟ್ ಗೆಡ್ಡೆ ಬೆಳೆಯುವ ಸಿರಿವಂತ, ಹಾರ್ಕೊನ ಹಾಗೆಯೇ ಹಿರಿಯ. ಮೊದಲು ಊರಿನ ಹಿರಿಯರ ಮಂಡಳಿ ಇವರಿಬ್ಬರಿಗೇ ಆ ಕೆಲಸ ಒಪ್ಪಿಸಿತ್ತು, ವಾರವಾರ ಕೇಳಿ ತೂಗಿ ಹೇಳಿ ಎಂದು. ಪ್ರಸಂಗ ಮುಗಿದ ಮೇಲೆ ಮೆನ್ನೊನ ಅಡಿಗೆಮನೆಯಲ್ಲಿ ಕೂತು ಇಬ್ಬರೂ ತೂಗುತ್ತಿದ್ದರು. ಜೀವಮಾನದಲ್ಲಿ ಮೊದಲ ಸಲ ಹಾರ್ಕೊ ತಕ್ಕಡಿಗೆ ಬೆರಳು ತಾಗಿಸಿದ್ದ. ಅದು ಒಳಾರ್ಥದಲ್ಲಿ ಇತ್ತಲ್ಲ, ಇದನ್ನು ಹಿಂದಿನ ವಾರವೇ ಹೇಳಿದ್ದರಲ್ಲ ಎಂದು ಫೊಕೆಮಾರ ಪರ ವಾದಿಸುತ್ತಿದ್ದ. ಮೆನ್ನೊ ತೋಳು ಕಟ್ಟಿಕೊಂಡು ಕೇಳುತ್ತಿದ್ದ. ಹಾಗೊಂದು ಸಂಜೆ, ಮೆನ್ನೊನ ಹೆಂಡತಿ ಬೆಣ್ಣೆ ಬಿಸ್ಕತ್ತು ಇಟ್ಟು ಹೋದ ಮೇಲೆ, ಈ ಗಟ್ಟಿ ಮನುಷ್ಯನ ಎದೆಯನ್ನು ಒಮ್ಮೆ ಕರಗಿಸಬೇಕೆಂದು ಹಾರ್ಕೊ ಆ ಮಾತನ್ನು ಹೇಳಿಬಿಟ್ಟ. ಮಗ ಹೋದ ದಿನ ದೋಮಿನೆ ನನಗೆ ಏನು ಹೇಳಿದರು ಗೊತ್ತೇ ಎಂದು. ಮೆನ್ನೊ ಬಾಯಿಂದ ಪೈಪು ತೆಗೆದು, ‘ದೊಡ್ಡ ಮಾತು’ ಅಂದ. ಹಾರ್ಕೊ ಹಗುರಾಗಿ ಮನೆಗೆ ಬಂದಿದ್ದ. ಮುಂದಿನ ವಾರವೇ ಪ್ರಾಂತ್ಯದವರು ಬರುತ್ತಾರೆಂದು ಗೊತ್ತಾಯಿತು. ಎರಡಕ್ಕೂ ಗಂಟು ಹಾಕಲು ಅವನ ಮನಸ್ಸು ಒಪ್ಪಿರಲಿಲ್ಲ, ಇವತ್ತಿನವರೆಗೂ ಒಪ್ಪಿಲ್ಲ. ಆದರೆ ಒಪ್ಪದೇ ಇರುವುದೂ ಒಂದು ಕೆಲಸ, ಅದರಲ್ಲಿ ಅವನು ದಣಿದಿದ್ದ.

ಹಿರಿಯರ ಕೋಣೆಯಲ್ಲಿ ಚುಟ್ಟದ ಹೊಗೆ. ಬಂದಿದ್ದ ಇಬ್ಬರಲ್ಲಿ ಹಿರಿಯ ಪರೀಕ್ಷಕರಿಗೆ ಬಿಳಿ ಗಡ್ಡ, ತುಂಬ ದಯೆಯ ಕಣ್ಣು. ಕಿರಿಯವರು ಬರೀ ತಲೆಯಾಡಿಸುವವರು. ಕಿಟಕಿಯ ಬಳಿ ಫೊಕೆಮಾ ಬೆನ್ನು ಮಾಡಿ ನಿಂತಿದ್ದರು, ನಲವತ್ತು ದಾಟದ, ತೆಳ್ಳಗಿನ, ಎರಡು ಮಕ್ಕಳ ಮೇಲೆ ಮೂರನೆಯದನ್ನು ಎದುರುನೋಡುತ್ತಿದ್ದ ಮನುಷ್ಯ. ಅವರ ಕರೀ ಕೋಟಿನ ತೋಳಿನ ಅಂಚನ್ನು ಹೆಂಡತಿ ಅದೇ ಬಣ್ಣದ ನೂಲಿನಲ್ಲಿ ಹೊಲಿದಿದ್ದಳು. ಹಾರ್ಕೊ ಅದನ್ನೇ ನೋಡುತ್ತಿದ್ದ. ಮಗ ಹೋದ ದಿನದ ಸಂಜೆ ಶೆಡ್ಡಿನಲ್ಲಿ ಇದೇ ತೋಳು ಅವನ ಮೊಣಕಾಲ ಮೇಲಿತ್ತು.

ಆ ಸಂಜೆ ಫ್ರೌಕೆ ಮಹಡಿಯ ಮೇಲೆ ವುಬ್ಬೊನ ಶವದ ಹತ್ತಿರ ಕೂತಿದ್ದಳು, ಕೆಳಗೆ ಬರಲೊಲ್ಲಳು. ಹಾರ್ಕೊ ಶೆಡ್ಡಿನಲ್ಲಿ ಹಗ್ಗದ ಸುರುಳಿಯ ಮೇಲೆ ಕೂತಿದ್ದ. ಫೊಕೆಮಾ ಬಂದು ಎದುರಿಗೆ ಒಂದು ಡಬ್ಬ ಬೋರಲು ಹಾಕಿ ಕೂತರು. ಎಷ್ಟೋ ಹೊತ್ತಿನ ಮೇಲೆ ಹಾರ್ಕೊ ಹುಲ್ಲಿನ ಕಂತೆಯ ವಿಷಯ ಹೇಳಿದ. ಲೋಕದಲ್ಲಿ ಅವನು ಅದನ್ನು ಹೇಳಿದ್ದು ಅವರೊಬ್ಬರಿಗೆ, ಫ್ರೌಕೆಗೂ ಹೇಳಿರಲಿಲ್ಲ. ಅವನು ಸ್ಕೇಟು ಕಟ್ಟಿ ಭಾನುವಾರ ಮುರಿದು ಸತ್ತ, ನಾನು ಭಾನುವಾರ ಪಾಲಿಸಿ ಕೊಂದೆ ಎಂದ. ಊರಿನವರು ಹೊರಗೆ ಹೇಳದಿದ್ದರೂ ಒಳಗೆ ಏನು ಹೇಳಿಕೊಳ್ಳುತ್ತಿದ್ದಾರೆಂದು ಅವನಿಗೆ ಗೊತ್ತಿತ್ತು, ಅದೇ ಬೋಧನೆಯಲ್ಲಿ ಬೆಳೆದವನು ತಾನೇ. ಪಾಪದ ನಡುವೆಯೇ, ಪಶ್ಚಾತ್ತಾಪಕ್ಕೆ ಉಸಿರಿಲ್ಲದೆ ಹೋದ ಜೀವ, ಅದಕ್ಕೆ ಬಿಡುಗಡೆಯಿಲ್ಲ. ಫೊಕೆಮಾ ಯಾವತ್ತೂ ಅವನನ್ನು ಏಕವಚನದಲ್ಲಿ ಕರೆದವರಲ್ಲ. ಅವತ್ತು ಮೊಣಕಾಲ ಮೇಲೆ ಕೈಯಿಟ್ಟು, ‘ಮಂಜುಗಡ್ಡೆಯ ಕೆಳಗಿಂದ ಕೂಗಿದ್ರೂ ದೇವರಿಗೆ ಕೇಳಿಸುತ್ತೆ ಕಣೋ, ಹಾರ್ಕೊ. ಅಲ್ಲಿಂದ ಬರೋ ಕೂಗಿಗೆ ಭಾನುವಾರ ಇಲ್ಲ,’ ಅಂದರು. ಹಾರ್ಕೊನ ಕಿವಿ ತಕ್ಷಣ ತೂಗಿತ್ತು. ತೂಕ ಕಮ್ಮಿ ಇತ್ತು, ಭಾಳ ಕಮ್ಮಿ. ಆದರೂ ಅವನು ಎದ್ದು ನಿಂತು ಅವರ ಕೈ ಹಿಡಿದು ಕುಲುಕಿದ್ದ, ಪೀಠದ ಬುಡದಲ್ಲಿ ಕುಲುಕುವ ಹಾಗೆಯೇ. ಆಮೇಲೆ ಮೆಟ್ಟಿಲು ಹತ್ತಿ ಫ್ರೌಕೆಗೆ ಹೇಳಿದ. ಅವಳು ತಲೆಯೆತ್ತಿ, ‘ದೋಮಿನೆ ಹೇಳಿದ್ರಾ? ನೀನಲ್ಲ ತಾನೇ?’ ಎಂದು ಕೇಳಿದಳು. ದೋಮಿನೆಯೇ ಹೇಳಿದ್ದು ಎಂದ. ಅವಳು ಎದ್ದು, ಮಗನ ಕೂದಲು ಒರೆಸಿ, ಕೆಳಗೆ ಬಂದು ಕಾಫಿಗೆ ನೀರಿಟ್ಟಳು. ಅಲ್ಲಿಂದ ಇಲ್ಲಿಯವರೆಗೆ ಅವರಿಬ್ಬರೂ ಬದುಕಿದ್ದು ಆ ಒಂದು ಮಾತಿನ ಮೇಲೆ.

ಹಿರಿಯರ ಕೋಣೆಯಲ್ಲಿ ಪ್ರಾರ್ಥನೆ ಮುಗಿದು ಗಂಟೆ ನಿಂತಿತು. ಮೆಟ್ಟಿಲ ಬುಡದಲ್ಲಿ ಮೊದಲ ಕೈಕುಲುಕು ಆಯಿತು. ಫೊಕೆಮಾರ ಕೈ ತಣ್ಣಗಿತ್ತು, ಕಣ್ಣು ಅವನ ಕಾಲರಿನ ಮೇಲಿತ್ತು. ಭಯಪಟ್ಟಿದ್ದಾರೆ ಪಾಪ ಎಂದುಕೊಂಡ ಹಾರ್ಕೊ. ಹೆದರಬೇಡಿ, ನಾನಿದ್ದೇನೆ ಎನ್ನುವ ಹಾಗೆ ಆ ಕೈಯನ್ನು ಒಂದಿಷ್ಟು ಒತ್ತಿದ. ಆಮೇಲೆ ಹಿರಿಯರ ಬೆಂಚಿನಲ್ಲಿ ಮೆನ್ನೊನ ಪಕ್ಕ ಕೂತ. ಅಲ್ಲಿಂದ ಫ್ರೌಕೆ ಕಾಣುತ್ತಿದ್ದಳು, ತಮ್ಮ ಬೆಂಚಿನ ತುದಿಯಲ್ಲಿ ಒಬ್ಬಳೇ. ಪ್ರಸಂಗ ಶುರುವಾದ ಕೂಡಲೇ ಊರಿನ ಎಲ್ಲ ಹೆಂಗಸರ ಹಾಗೆ ಅವಳೂ ಚೀಲ ತೆರೆದು ಪೆಪ್ಪರ್‌ಮಿಂಟು ಬಾಯಿಗೆ ಹಾಕಿಕೊಂಡಳು. ಕೈ ಅಭ್ಯಾಸದಿಂದ ಇನ್ನೊಂದನ್ನೂ ತೆಗೆದಿತ್ತು. ಅದನ್ನು ಪಕ್ಕಕ್ಕೆ, ವುಬ್ಬೊ ಕೂರುತ್ತಿದ್ದ ಜಾಗದ ಹಲಗೆಯ ಮೇಲಿಟ್ಟಳು.

ಫೊಕೆಮಾ ಆರಿಸಿಕೊಂಡದ್ದು ದೇವರು ಕಳಿಸುವ ಹಿಮದ, ಚಳಿಯ ಬಗೆಗಿನ ಬೈಬಲಿನ ವಚನ. ಮನುಷ್ಯನ ದುರ್ಗತಿ ಹೇಳಿದರು, ಚೆನ್ನಾಗಿ, ಸಡಿಲವಿಲ್ಲದೆ. ಹಾರ್ಕೊನ ಕಿವಿ ಮೊದಲ ತೂಕ ಸರಿ ಎಂದಿತು. ಬಿಡುಗಡೆ ಮನುಷ್ಯನ ಕೂಗಿನಿಂದಲ್ಲ, ದೇವರ ಆಯ್ಕೆಯಿಂದ ಎಂದರು. ಸರಿ. ಎಷ್ಟು ವಾರಗಳಿಂದ ಬಾರದಿದ್ದ ನ್ಯಾಯತೀರ್ಪು ಇವತ್ತು ಅದರ ಜಾಗದಲ್ಲಿ ಬಂದು ಕೂತಿತು. ಹಾರ್ಕೊಗೆ ಹಿಗ್ಗಾಯಿತು, ಮೆನ್ನೊನ ಕಡೆ ಓರೆಗಣ್ಣು ಹಾಯಿಸಿ ನೋಡಿದೆಯಾ ಎನ್ನಬೇಕೆನ್ನಿಸಿತು. ಗಡ್ಡದವರು ಮೆಲ್ಲಗೆ ತಲೆ ಬಾಗಿಸುತ್ತಿದ್ದರು. ಆ ಹಿಗ್ಗಿನಲ್ಲೇ ಅವನು ಮುಂದಿನದನ್ನು ಕೇಳಿದ.

‘ಸಾವಿನ ಗಳಿಗೆಯಲ್ಲಿ ಒಂದು ಕೂಗು ಸಾಕು ಎನ್ನುವವರಿದ್ದಾರೆ,’ ಎಂದರು ಫೊಕೆಮಾ. ‘ಮಂಜುಗಡ್ಡೆಯ ಕೆಳಗಿಂದ ಕೂಗಿದರೂ ದೇವರಿಗೆ ಕೇಳಿಸುತ್ತದೆ ಎನ್ನುವವರಿದ್ದಾರೆ. ಅದು ಮನುಷ್ಯರು ಮನುಷ್ಯರಿಗೆ ಕೊಡುವ ಸಮಾಧಾನ, ದೇವರ ಮಾತಲ್ಲ. ಕರ್ತನ ದಿನವನ್ನು ತುಳಿದು ಹೋದವನಿಗೆ ಆ ದಿನವೇ ಎದುರು ಸಾಕ್ಷಿ. ಕರ್ತನ ದಿನವನ್ನು ಕಾಯುವವನನ್ನು ಆ ದಿನವೇ ಕಾಯುತ್ತದೆ.’

ಸರಿ, ಎಂದಿತು ಕಿವಿ. ಎಷ್ಟೋ ವರ್ಷ ಸಾಕಿದ ಕಿವಿ ಅದು, ಕೇಳುವ ಮೊದಲೇ ತೂಗಿ ಮುಗಿಸಿತ್ತು. ಶುದ್ಧ, ತೂಕಕ್ಕೆ ಸರಿಯಾಗಿದೆ, ತಪ್ಪು ಹಿಡಿಯಲು ಎಳೆಯಷ್ಟೂ ಜಾಗವಿಲ್ಲ. ಅದಾದ ಮೇಲೆ ಮಾತು ಒಳಗೆ ಇಳಿಯಿತು. ಇಡೀ ಚರ್ಚಿನಲ್ಲಿ ಆ ಮಾತು ಯಾರದೆಂದು ಗೊತ್ತಿದ್ದದ್ದು ನಾಲ್ವರಿಗೋ ಐವರಿಗೋ. ಅವನ ಮೊಣಕಾಲ ಮೇಲೆ ಇಟ್ಟ ಮಾತನ್ನು, ಆ ಶೆಡ್ಡಿನ ಹಗ್ಗದ ವಾಸನೆಯೊಂದಿಗೇ ಎತ್ತಿಕೊಂಡು ಹೋಗಿ, ಪೀಠದ ಮೇಲಿಂದ ಕೆಳಗೆ ಹಾಕಿದ್ದರು. ಬಿಡಿಸಿ ಹೇಳುವುದಾದರೆ ನನ್ನ ಮಗನನ್ನು ಇನ್ನೊಮ್ಮೆ ಮುಳುಗಿಸಿದರು, ಸಾಕ್ಷಿಗೆ ಪ್ರಾಂತ್ಯದ ಇಬ್ಬರನ್ನು ಕೂರಿಸಿಕೊಂಡು, ಎಂದುಕೊಂಡ ಹಾರ್ಕೊ. ಮೋಸ ಎನ್ನುವ ಪದ ಬಂತು. ಇಷ್ಟು ಸಣ್ಣ ಪದವೇ ಎಂದು ಅವನಿಗೆ ನಾಚಿಕೆಯಾಯಿತು. ಫ್ರೌಕೆಯ ಕಡೆ ನೋಡಿದ. ಅವಳು ಬಾಯಿಂದ ಪೆಪ್ಪರ್‌ಮಿಂಟು ತೆಗೆದು ಕರವಸ್ತ್ರದಲ್ಲಿ ಸುತ್ತಿದಳು, ಹಲಗೆಯ ಮೇಲಿದ್ದ ಇನ್ನೊಂದನ್ನೂ ಎತ್ತಿ ಅದರಲ್ಲೇ ಸುತ್ತಿದಳು. ಆಮೇಲೆ ಚೀಲ ಮುಚ್ಚಿದ ಸಪ್ಪಳ ಹಿರಿಯರ ಬೆಂಚಿನವರೆಗೂ ಕೇಳಿಸಿತು.

ಕೃತಜ್ಞತೆಯ ಭಾಗವೂ ಬಂತು, ಕೊನೆಯ ಕೀರ್ತನೆಯೂ ಆಯಿತು, ಆಶೀರ್ವಾದವೂ ಆಯಿತು. ಫೊಕೆಮಾ ಮೆಟ್ಟಿಲಿಳಿದರು. ಹಾರ್ಕೊ ಎದ್ದು ತನ್ನ ಜಾಗದಲ್ಲಿ ನಿಂತಿದ್ದ. ಕೈ ಹೋಗುತ್ತದೆ, ಅದು ಅಭ್ಯಾಸದ ಕೈ, ನಾನು ಏನೂ ಮಾಡಬೇಕಾಗಿಲ್ಲ ಎಂದುಕೊಂಡಿದ್ದ. ಕೈ ಹೋಗಲಿಲ್ಲ. ಫೊಕೆಮಾ ಚಾಚಿದ ಕೈ ನಡುವೆ ನಿಂತಿತ್ತು, ಹೊಲಿಗೆ ಹಾಕಿದ ತೋಳಿನಿಂದ ಹೊರಗೆ. ಆರ್ಗನ್ ನುಡಿಸುವವನು ಕಾಯುತ್ತಿದ್ದ, ಬೆಂಚುಗಳಲ್ಲಿ ಎಲ್ಲರೂ ನೋಡುತ್ತಿದ್ದರು. ಹಾರ್ಕೊ ಬಲಗೈಯನ್ನು ಜೇಬಿಗೆ ಇಳಿಸಿದ, ಅಲ್ಲಿ ಸೇತುವೆಯ ಬೀಗದ ಕೈ ಸಿಕ್ಕಿತು, ಅದನ್ನು ಹಿಡಿದುಕೊಂಡ. ಫೊಕೆಮಾ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ದಾರಿ ತಪ್ಪಿದವರ ಹಾಗೆ ಒಂದು ಗಳಿಗೆ ಅಲ್ಲೇ ನಿಂತು, ಹಿರಿಯರ ಕೋಣೆಯ ಕಡೆ ನಡೆದರು.

ಕೈ ಕುಲುಕದ ಹಿರಿಯ, ದೋಮಿನೆ ಆ ಕೋಣೆ ಬಿಡುವ ಮೊದಲು, ತಪ್ಪು ಯಾವುದೆಂದು ಹೆಸರಿಸಬೇಕು, ಅದು ಕ್ರಮ. ಬಾಗಿಲು ಹಾಕಿದರು. ಮೆನ್ನೊನ ಮುಖ ಬಿಳಿಚಿಕೊಂಡಿತ್ತು, ಅವನೂ ಇದನ್ನು ಎಣಿಸಿರಲಿಲ್ಲ. ಗಡ್ಡದವರು ಕುರ್ಚಿ ಎಳೆದು ಕೂತು, ಇಷ್ಟು ಗಟ್ಟಿಯಾದ ಪ್ರಸಂಗ ನಾನು ಈಚೆಗೆ ಕೇಳಿಲ್ಲ ಎಂದರು. ಯಾವ ಅಂಶ, ಸಹೋದರ ಹಾರ್ಕೊ? ಹಾರ್ಕೊ ಬೋಧನೆಯಲ್ಲಿ ತಪ್ಪಿಲ್ಲ ಎಂದ. ಹಾಗಿದ್ದರೆ? ಅವನ ಬಳಿ ಮಾತು ಸಿದ್ಧವಿತ್ತು. ಮೆಟ್ಟಿಲ ಬುಡದಿಂದ ಕೋಣೆಯವರೆಗಿನ ದಾರಿಯಲ್ಲಿ ಅದು ತಾನಾಗಿ ಬಂದಿತ್ತು, ಜೀವನದಲ್ಲಿ ಅವನಿಗೆ ಅಷ್ಟು ಒಳ್ಳೆಯ ಮಾತು ಬಂದದ್ದೇ ಇಲ್ಲ. ಶೆಡ್ಡಿನಲ್ಲಿ ಇವರು ಹೇಳಿದ್ದಕ್ಕೆ ನಾನು ಆಗಲೇ ಕೈ ಕುಲುಕಿದ್ದೇನೆ, ಎರಡು ಪ್ರಸಂಗಕ್ಕೂ ಒಂದೇ ಕೈ ಆಗುವುದಿಲ್ಲ ಎಂದು. ಅದನ್ನು ಮನಸ್ಸಿನಲ್ಲಿ ಇನ್ನೊಮ್ಮೆ ಹೇಳಿಕೊಂಡ, ಚೆನ್ನಾಗಿತ್ತು. ಬಾಯಿ ತೆರೆದ.

‘ಮೆನ್ನೊ ನಿಮಗೆ ಹೇಳಿದ ಆ ಮಾತಿನ ವಿಷಯ ಇದು,’ ಎಂದರು ಫೊಕೆಮಾ, ಗಡ್ಡದವರ ಕಡೆ ತಿರುಗಿ. ದನಿ ಪೀಠದ ಮೇಲಿನದ್ದೇ ಆಗಿತ್ತು. ‘ಅದು ನನ್ನ ಮಾತಲ್ಲ. ಅವತ್ತು ದುಃಖದಲ್ಲಿ ಸಹೋದರ ಹಾರ್ಕೊ ತಾವೇ ಆಡಿದ್ದು. ಆ ಹೊತ್ತಿನಲ್ಲಿ ನಾನು ತಿದ್ದಲಿಲ್ಲ, ಅಷ್ಟು ಮಾತ್ರ ನನ್ನ ತಪ್ಪು.’

ಹಾರ್ಕೊಗೆ ಮೊದಲು ಅರ್ಥವೇ ಆಗಲಿಲ್ಲ. ಸಣ್ಣವನಿದ್ದಾಗ ಶಾಲೆಯಲ್ಲಿ ಯಾರೋ ಮುರಿದ ಸ್ಲೇಟನ್ನು ಅವನ ಚೀಲದಲ್ಲಿ ಇಟ್ಟಿದ್ದರು, ಮೇಷ್ಟ್ರು ಅದನ್ನು ಹೊರತೆಗೆದಾಗ ಅವನು ಇದೇ ರೀತಿ ತನ್ನ ಚೀಲವನ್ನೇ ನೋಡುತ್ತ ನಿಂತಿದ್ದ. ಗಡ್ಡದವರ ಕಣ್ಣು ಇನ್ನಷ್ಟು ದಯೆಯಿಂದ ತುಂಬಿತು. ಮಗನನ್ನು ಕಳೆದುಕೊಂಡ ತಂದೆಯ ಮಾತನ್ನು ಯಾರೂ ತೂಗುವುದಿಲ್ಲ, ಸಹೋದರ ಎಂದರು. ದೋಮಿನೆಯ ಮಾತಾದರೆ ಅದು ಬೋಧನೆ, ತೂಗಲೇಬೇಕು. ಪ್ರಾಂತ್ಯದ ಸಭೆಯ ಮುಂದೆ ಇಡಬೇಕು, ದೋಮಿನೆಯ ಪೀಠದ ಪ್ರಶ್ನೆ ಬರುತ್ತದೆ, ಸಭೆ ಕೊಟ್ಟ ಮನೆಯ ಪ್ರಶ್ನೆ ಬರುತ್ತದೆ. ನಿಮ್ಮದಾದರೆ ಇಲ್ಲಿಗೆ ಮುಗಿಯಿತು. ನಿಧಾನವಾಗಿ ಯೋಚಿಸಿ ಹೇಳಿ ಎಂದು ಚುಟ್ಟ ಹಚ್ಚಲು ಕಡ್ಡಿಪೆಟ್ಟಿಗೆ ಹುಡುಕತೊಡಗಿದರು. ಮೆನ್ನೊ ತನ್ನದನ್ನು ಕೊಡಲು ಎದ್ದ.

ಆಗ ಫೊಕೆಮಾ ಹತ್ತಿರ ಬಂದರು. ಇಬ್ಬರೂ ಕಿಟಕಿಯ ಬಳಿ, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ. ಹೊರಗೆ ಕಾರಿನ ಸುತ್ತ ಮಕ್ಕಳು ನಿಂತು ತಮ್ಮ ಮುಖ ಅದರಲ್ಲಿ ನೋಡಿಕೊಳ್ಳುತ್ತಿದ್ದವು, ಅವುಗಳಲ್ಲಿ ಎರಡು ಫೊಕೆಮಾರವೇ. ‘ಆ ಮಾತು ನಿಮ್ಮಿಬ್ಬರಿಗೆ ಅಂತ ಇತ್ತು,’ ಎಂದರು ಪಿಸುದನಿಯಲ್ಲಿ. ‘ಸಂತೆಗೆ ಒಯ್ದದ್ದು ನೀನು.’ ಮತ್ತೆ ಏಕವಚನ, ಶೆಡ್ಡಿನ ದನಿ. ಹಾರ್ಕೊಗೆ ಒಂದು ಕ್ಷಣ ಅಳು ಬಂತು, ಹೌದು, ಒಯ್ದೆ, ನಿಮ್ಮನ್ನು ಉಳಿಸಲಿಕ್ಕೆಂದು ಒಯ್ದೆ ಎಂದು ಹೇಳಬೇಕೆನ್ನಿಸಿತು. ಅಷ್ಟರಲ್ಲಿ ಫೊಕೆಮಾ ಇನ್ನೊಂದು ಮಾತು ಸೇರಿಸಿದರು, ಅವನನ್ನು ನೋಡದೆ, ಕಿಟಕಿಯ ಗಾಜಿಗೆ ಹೇಳುವ ಹಾಗೆ. ‘ಅವತ್ತು ಆ ಶೆಡ್ಡಿನಲ್ಲಿ ಏನೇನು ಮಾತಾಯ್ತು, ಎಲ್ಲಾ ಇವರ ಮುಂದೆ ಹೇಳಬೇಕಾ?’

ಹುಲ್ಲಿನ ಕಂತೆ. ಹಾರ್ಕೊ ಅವರ ಮುಖ ನೋಡಿದ. ಕೆಟ್ಟ ಮುಖವಲ್ಲ ಅದು. ಹೆದರಿದ, ಕೆಳತುಟಿ ಕಚ್ಚಿಕೊಂಡ, ಬೆಳಿಗ್ಗೆ ಗಡಿಬಿಡಿಯಲ್ಲಿ ಕ್ಷೌರ ಮಾಡಿಕೊಂಡು ಗಲ್ಲ ಕೊಯ್ದುಕೊಂಡ ಮುಖ. ಕೆಟ್ಟ ಮನುಷ್ಯನಾಗಿದ್ದರೆ ಎಷ್ಟು ಸುಲಭವಿತ್ತು. ಈ ಕೋಣೆಯಲ್ಲಿ ಹುಲ್ಲಿನ ಕಂತೆಯ ಸುದ್ದಿ ಬಿದ್ದರೆ ಸಂಜೆಯೊಳಗೆ ಫ್ರೌಕೆಯ ಕಿವಿಗೆ ಹೋಗುತ್ತದೆ. ಗೋಡೆಗೆ ಒರಗಿದ್ದ ಕಂತೆಯನ್ನು ಅವನು ನೋಡಿ ಕೋಟು ಹಾಕಿಕೊಂಡದ್ದು ಅವಳಿಗೆ ಗೊತ್ತಾಗುತ್ತದೆ. ಸಿದ್ಧವಾಗಿದ್ದ ಮಾತು ಎಲ್ಲಿ ಹೋಯಿತೆಂದು ಹುಡುಕಿದ, ಅಲ್ಲೇ ಇತ್ತು, ಅಷ್ಟೇ ಚೆನ್ನಾಗಿಯೂ ಇತ್ತು. ಅದನ್ನು ಹೇಳುವ ಮನುಷ್ಯ ಇರಲಿಲ್ಲ. ‘ನಂದೇ ಆ ಮಾತು,’ ಎಂದ ಹಾರ್ಕೊ. ಯಾರೂ ಕೇಳದಿದ್ದರೂ ಇನ್ನೊಮ್ಮೆ ಹೇಳಿದ, ‘ನಾನೇ ಆಡಿದ್ದು.’

ಆಮೇಲೆ ಎಲ್ಲ ಸಲೀಸು. ಗಡ್ಡದವರು ಎದ್ದು ಅವನ ಬೆನ್ನು ತಟ್ಟಿದರು, ದೇವರು ನಿಮ್ಮ ದುಃಖವನ್ನು ಬಲ್ಲ ಎಂದರು. ಕಾಫಿ ತರಿಸಿದರು. ಎಲ್ಲರೂ ನೋಡುತ್ತಿರುವಂತೆ ಹಾರ್ಕೊ ಜೇಬಿನಿಂದ ಕೈ ತೆಗೆದು ಫೊಕೆಮಾರ ಕೈ ಕುಲುಕಿದ. ಇಬ್ಬರ ಕೈಯೂ ಒದ್ದೆಯಾಗಿತ್ತು. ಫೊಕೆಮಾ ಅದನ್ನು ಬಿಡದೆ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದರು, ಹಾರ್ಕೊ ಆ ಹೊತ್ತಿನಲ್ಲಿ ಅವರನ್ನು ಪೂರ್ತಿಯಾಗಿ ದ್ವೇಷಿಸಿದ. ಇವರು ನನ್ನ ಬಾಯಿಂದಲೇ ನನ್ನ ಮಗನ ಮೇಲೆ ಬಾಗಿಲು ಹಾಕಿಸಿದರು ಎಂದು. ಚಿಲಕ ತನ್ನ ಕೈಯಲ್ಲಿತ್ತಲ್ಲ ಎನ್ನುವುದು ಅದರ ಹಿಂದೆಯೇ ಬಂತು.

ಹೊರಗೆ ಬಂದಾಗ ಫ್ರೌಕೆ ಗೇಟಿನ ಬಳಿ ನಿಂತಿದ್ದಳು, ಬೇರೆಯವರೆಲ್ಲ ಕಾಫಿಗೆಂದು ಮನೆಗಳಿಗೆ ಹೋಗಿದ್ದರು. ಅವಳ ಕಣ್ಣಲ್ಲಿ ಹಾರ್ಕೊ ಜನವರಿಯಿಂದ ಕಾಣದ ಒಂದು ಹೊಳಪಿತ್ತು. ಅವನು ಕೈಯನ್ನು ಜೇಬಿಗೆ ಇಳಿಸಿದ್ದನ್ನು ಅವಳು ನೋಡಿದ್ದಳು. ಹತ್ತಿರ ಬಂದ ಕೂಡಲೇ ಅವನ ತೋಳಿಗೆ ತೋಳು ಸೇರಿಸಿದಳು, ಮದುವೆಯಾದ ಹೊಸದರಲ್ಲಿ ಮಾಡುತ್ತಿದ್ದ ಹಾಗೆ, ಊರಿನವರು ನೋಡಿದರೆ ನೋಡಲಿ ಎಂದು. ಹಾರ್ಕೊ ಬೇಗ ಬೇಗ ನಡೆಯತೊಡಗಿದ. ಹಿಂದಿನಿಂದ ಮೆನ್ನೊನ ಬೂಟಿನ ಸಪ್ಪಳ ಕೇಳಿಸಿತು. ಮೆನ್ನೊ ಒಳ್ಳೆಯ ಮನಸ್ಸಿನಿಂದಲೇ ಬಂದಿದ್ದ, ಟೋಪಿ ತೆಗೆದು ಫ್ರೌಕೆಗೆ ತಲೆಬಾಗಿದ.

‘ಮನಸ್ಸಿಗೆ ಹಚ್ಚಿಕೋಬೇಡ ತಾಯಿ,’ ಎಂದ. ‘ಎಲ್ಲಾ ತಿಳಿಯಾಯ್ತು. ದೋಮಿನೆ ಹಾಗಂದೇ ಇರಲಿಲ್ಲವಂತೆ, ಆ ಮಂಜುಗಡ್ಡೆ ಮಾತು ಹಾರ್ಕೊಂದೇ ಅಂತೆ. ತಾನೇ ಒಪ್ಕೊಂಡ. ಹೆತ್ತ ಕರುಳು, ಯಾರಾದ್ರೂ ಅಂತಾರೆ.’ ಅಷ್ಟು ಹೇಳಿ, ತನ್ನ ಹೊಲದ ಕಡೆಗಿನ ಟ್ರಾಕ್ಟರಿನ ದಾರಿ ಹಿಡಿದು ಹೋದ.

ಫ್ರೌಕೆಯ ತೋಳು ಒಂದಿಷ್ಟು ಹೊತ್ತು ಇದ್ದಲ್ಲೇ ಇತ್ತು, ತೆಗೆಯಲು ಮರೆತವರ ಹಾಗೆ. ಇಬ್ಬರೂ ಕಾಲುವೆಯ ದಂಡೆಗುಂಟ ನಡೆದರು. ಆಮೇಲೆ ಚೀಲ ಸರಿಮಾಡಿಕೊಳ್ಳುವ ನೆಪದಲ್ಲಿ ಅವಳು ತೋಳು ತೆಗೆದುಕೊಂಡಳು. ಕೇಳಲಿ ಎಂದು ಹಾರ್ಕೊ ಕಾಯುತ್ತಿದ್ದ, ಕೇಳದಿರಲಿ ಎಂದೂ ಕಾಯುತ್ತಿದ್ದ. ಸೇತುವೆ ಬಂತು.

‘ದೋಮಿನೆ ಹೇಳಿದ್ರಾ?’ ಎಂದಳು. ‘ನೀನಲ್ಲ ತಾನೇ?’

‘ದೋಮಿನೆನೇ ಹೇಳಿದ್ದು,’ ಎಂದ ಹಾರ್ಕೊ.

ಅವಳು ಅವನ ಮುಖವನ್ನು ನಿಧಾನವಾಗಿ ನೋಡಿದಳು. ಹಾಗಾದರೆ ಒಳಗೆ ಯಾಕೆ ನಿನ್ನದು ಅಂದೆ ಎಂದು ಕೇಳಿದರೆ ಹುಲ್ಲಿನ ಕಂತೆಯಿಂದ ಶುರುಮಾಡಬೇಕು. ಶುರುಮಾಡಿದರೆ ಅವಳು ನಂಬಬಹುದು, ಮಾತು ಉಳಿಯಬಹುದು, ಅವಳ ಕಣ್ಣಲ್ಲಿ ತಾನು ಉಳಿಯುವುದಿಲ್ಲ. ಹೇಳುತ್ತೇನೆ ಎಂದುಕೊಂಡ, ಕೇಳಿದರೆ ಹೇಳಿಯೇ ಬಿಡುತ್ತೇನೆ. ಅವಳು ಕೇಳಲಿಲ್ಲ. ‘ಅವತ್ತೂ ಇದೇ ಮುಖ ಇಟ್ಕೊಂಡು ಹೇಳಿದ್ದೆ,’ ಎಂದಳು. ಚೀಲದಿಂದ ಮನೆಯ ಕೀಲಿ ತೆಗೆದುಕೊಂಡು, ನೀರಿನ ಕಡೆ ತಿರುಗದೆ, ನಡುವಿನಲ್ಲಿ ನಿಲ್ಲದೆ, ಸೇತುವೆ ದಾಟಿ ಹೋದಳು.

ಹಾರ್ಕೊ ಅವಳು ನಿಲ್ಲುತ್ತಿದ್ದ ಜಾಗದಲ್ಲಿ ನಿಂತ. ಕೆಳಗೆ ಕಂದು ನೀರು, ಎರಡು ಬಾತುಕೋಳಿ, ಆಚೆ ದಡದಲ್ಲಿ ಶೆಡ್ಡಿನ ಗೋಡೆಗೆ ಒರಗಿದ ಕಂತೆ. ತುಟಿ ಅಲುಗಿಸಿ ಆ ಮಾತನ್ನು ಹೇಳಿಕೊಳ್ಳಲು ನೋಡಿದ. ಇಷ್ಟು ದಿನ ಅದನ್ನು ನೆನೆದಾಗಲೆಲ್ಲ ಫೊಕೆಮಾರ ದನಿ ಕೇಳಿಸುತ್ತಿತ್ತು, ಶೆಡ್ಡಿನ ಆ ತಗ್ಗಿದ ದನಿ, ಅದರಲ್ಲಿದ್ದ ಏಕವಚನ. ಈಗ ಕೇಳಿಸಿದ್ದು ಅವನದೇ ದನಿ. ಇನ್ನೊಮ್ಮೆ ಹೇಳಿಕೊಂಡ, ಸ್ವಲ್ಪ ಜೋರಾಗಿ. ಅವನ ದನಿಯೇ. ಮನೆಯ ಬಾಗಿಲು ತೆರೆದು ಮುಚ್ಚಿದ ಸಪ್ಪಳವಾಯಿತು, ಕಾಫಿಗೆ ನೀರಿಡುವ ಸಪ್ಪಳಕ್ಕಾಗಿ ಅವನು ಕಿವಿಗೊಟ್ಟು ನಿಂತೇ ಇದ್ದ.